ಶ್ರಾವಕನ ಜಾಕೆಟ್ಟು

ಬಸದಿಗೆ ಹೋಗುವಾಗ ಸೊಂಟದ ಬೆಲ್ಟು, ಜೇಬಿನ ಪರ್ಸು ತೆಗೆದು ಹೊರಗಿಡುವುದು ನಮ್ಮ ಜೈನರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಚರ್ಮದ ವಸ್ತು ಒಳಗೆ ಬರಕೂಡದು. ಹಾಗಾದರೆ ಬಸದಿಯ ಹೊರಗೆ, ಆಗುಂಬೆ ಘಾಟಿಯ ತಿರುವಿನಲ್ಲಿ, ನನ್ನ ಚರ್ಮ ಉಳಿಯಲಿ ಎಂದು ಇನ್ನೊಂದು ಪ್ರಾಣಿಯ ಚರ್ಮ ಹೊದ್ದುಕೊಳ್ಳಬಹುದೇ? ಬೈಕ್ ಸವಾರಿಯ ಜಾಕೆಟ್ ಕೊಳ್ಳಲು ಹೊರಟಾಗ ಬೆಲೆಗಿಂತ ಮೊದಲು ನನ್ನನ್ನು ತಡೆದದ್ದು ಈ ಪ್ರಶ್ನೆ.

ನನ್ನ ಮನೆ ಕಾರ್ಕಳ, ಕೆಲಸ ತೀರ್ಥಹಳ್ಳಿಯ ಬ್ಯಾಂಕಿನಲ್ಲಿ. ಶನಿವಾರ ಘಾಟಿ ಇಳಿದರೆ ಸೋಮವಾರ ಬೆಳಕು ಹರಿಯುತ್ತಲೇ ಹತ್ತಬೇಕು. ಹೆಬ್ರಿಯವರೆಗೆ ಬೆವರು ಇಳಿಯುತ್ತಿರುತ್ತದೆ. ಸೋಮೇಶ್ವರ ದಾಟಿ ಹದಿನಾಲ್ಕು ಹಿಮ್ಮುರಿ ತಿರುವು ಏರುವಷ್ಟರಲ್ಲಿ ಮಂಜು ಮುಸುಕಿ, ಮಳೆ ಹಿಡಿದು, ಹಲ್ಲು ಕಟಕಟ ಅನ್ನುತ್ತದೆ. ಆಗುಂಬೆ ಇರುವುದು ಸಮುದ್ರಮಟ್ಟದಿಂದ 650 ಮೀಟರಿನ ಆಸುಪಾಸಿನಲ್ಲಿ. ಎತ್ತರವೊಂದೇ ನಾಲ್ಕು ಡಿಗ್ರಿಯಷ್ಟು ಸೆಕೆ ತೆಗೆಯುತ್ತದೆ. ಉಳಿದ ಚಳಿಯನ್ನು ತರುವುದು ಒದ್ದೆ ಬಟ್ಟೆ ಮತ್ತು ಗಾಳಿ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರದು.

ನಾನು ಪ್ಯಾಡುಗಳಿರುವ ಜಾಕೆಟ್ಟು, ಗ್ಲೌಸು, ಮೊಣಕಾಲಿನ ಗಾರ್ಡು ಎಲ್ಲ ಏರಿಸುವುದನ್ನು ಕಂಡು ಮಾವ ಹೇಳಿದ್ದುಂಟು: "ಇಷ್ಟೆಲ್ಲ ಕಟ್ಟಿಕೊಂಡು ಹೋಗಬೇಕಾ ಮಾರಾಯ? ಆಯುಷ್ಯಕರ್ಮ ಇರುವಷ್ಟು ದಿನ ಇರ್ತೇವೆ. ಮುನಿಗಳು ಇದೇ ಚಳಿ ಮೈಮೇಲೆ ನೂಲಿಲ್ಲದೆ ತಡೆಯುವುದಿಲ್ಲವಾ?" ಈ ಮಾತಿನಲ್ಲಿ ಎರಡು ಆಕ್ಷೇಪಗಳಿವೆ. ಎರಡನ್ನೂ ನಾನು ಹಗುರವಾಗಿ ಕಾಣುವುದಿಲ್ಲ.

ಮೊದಲನೆಯದು ಆಯುಷ್ಯದ ಮಾತು. ಬರೆದಷ್ಟು ದಿನ ಬದುಕು ಎಂಬುದು ನಾಡಿನಲ್ಲೆಲ್ಲ ಕೇಳಿಬರುವ ನಂಬಿಕೆ. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋಗುವವನ ವೇದಾಂತವೂ ಅದೇ. ಆದರೆ ನಮ್ಮ ಆಚಾರ್ಯರು ಹಾಗೆ ಹೇಳಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಮುಗಿಯುವುದೇ ಈ ವಿಷಯದಿಂದ. ಯಾರ ಆಯುಷ್ಯ ನಡುವೆ ಕಡಿಯುವುದಿಲ್ಲ ಎಂದು ಅಲ್ಲಿ ಪಟ್ಟಿಯಿದೆ: ದೇವತೆಗಳು, ನಾರಕಿಗಳು, ಅದೇ ಜನ್ಮದಲ್ಲಿ ಮೋಕ್ಷಕ್ಕೆ ಹೋಗಲಿರುವ ಚರಮದೇಹಿಗಳು, ಅಸಂಖ್ಯಾತ ವರ್ಷ ಬಾಳುವ ಭೋಗಭೂಮಿಯವರು. ನಾನಾಗಲಿ ಮಾವನಾಗಲಿ ಆ ಪಟ್ಟಿಯಲ್ಲಿಲ್ಲ. ಉಳಿದವರ ಆಯುಷ್ಯವನ್ನು ವಿಷ, ಶಸ್ತ್ರದಂಥ ಹೊರಗಿನ ಕಾರಣಗಳು ಮೊಟಕುಗೊಳಿಸಬಲ್ಲವು ಎಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಮಳೆಯಲ್ಲಿ ನುಣುಪಾದ ಡಾಂಬರನ್ನೂ ಆ ಕಾರಣಗಳ ಸಾಲಿಗೆ ಸೇರಿಸಲು ನನಗೆ ಅನುಮಾನವಿಲ್ಲ. ಅಪರೂಪಕ್ಕೆ ಸಿಕ್ಕ ಮನುಷ್ಯಜನ್ಮವನ್ನು ಅಲಕ್ಷ್ಯದಿಂದ ಅರ್ಧಕ್ಕೇ ಕಡಿದುಕೊಂಡು ಅದನ್ನು ಕರ್ಮದ ತಲೆಗೆ ಕಟ್ಟುವುದು ಧರ್ಮವಲ್ಲ.

ಎರಡನೆಯದು ಗಟ್ಟಿಯಾದ ಆಕ್ಷೇಪ. ಮುನಿಗಳು ಸಹಿಸಬೇಕಾದ ಪರೀಷಹಗಳು 22. ಹಸಿವು, ನೀರಡಿಕೆ ಆದ ಕೂಡಲೇ ಬರುವವು ಶೀತ ಮತ್ತು ಉಷ್ಣ. ಆಮೇಲೆ ಸೊಳ್ಳೆ ನೊಣಗಳ ಕಡಿತ, ಆಮೇಲೆ ನಗ್ನತೆ. ನಮ್ಮೂರ ಬೆಟ್ಟದ ಬಂಡೆಯ ಮೇಲೆ 42 ಅಡಿಯ ಬಾಹುಬಲಿ 1432ರಿಂದ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದ್ದಾನೆ. ಅವನ ಕಾಲಬುಡದಲ್ಲಿ ಬೆಳೆದವನು ಚಳಿಗೆ ಒಂದು ಪದರ, ಮಳೆಗೆ ಒಂದು ಪದರ ಎಂದು ಲೆಕ್ಕ ಹಾಕುವುದು ದೇಹದ ಮಮಕಾರವಲ್ಲವೇ?

ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಹಿಂಸೆಯ ವ್ಯಾಖ್ಯೆಯಲ್ಲಿ. ಅದೇ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೇಳುತ್ತದೆ. ಮೈಮರೆತ, ಎಚ್ಚರಗೆಟ್ಟ ನಡೆಯೇ ಹಿಂಸೆಯ ಬೇರು. ಮುನಿ ಈರ್ಯಾ ಸಮಿತಿ, ಎಂದರೆ ನಡಿಗೆಯಲ್ಲಿ ಎಚ್ಚರದ ನಿಯಮ, ಪಾಲಿಸುತ್ತಾರೆ: ನಾಲ್ಕು ಮೊಳ ಮುಂದಿನ ನೆಲ ನೋಡುತ್ತ, ಹಗಲಿನಲ್ಲಿ, ಬರಿಗಾಲಿನಲ್ಲಿ ನಡೆಯುತ್ತಾರೆ. ಅವರು ಚಳಿಗೆ ನಡುಗಿದರೆ ನೋವು ಅವರೊಬ್ಬರದೇ, ಇನ್ನೊಂದು ಜೀವಕ್ಕೆ ತಟ್ಟುವುದಿಲ್ಲ. ನಾನು ಹತ್ತಿರಹತ್ತಿರ 200 ಕಿಲೋ ತೂಗುವ ಗಾಡಿಯ ಮೇಲೆ ಕೂತವನು. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರು. ನಾಲ್ಕು ಮೊಳ ರೆಪ್ಪೆ ಬಡಿಯುವಷ್ಟರಲ್ಲಿ ಹಿಂದೆ ಬಿದ್ದಿರುತ್ತದೆ. ಬೆರಳು ಮರಗಟ್ಟಿದರೆ ಬ್ರೇಕು ತಡವಾಗುತ್ತದೆ. ಕುತ್ತಿಗೆಗೆ ನೀರಿಳಿಯುತ್ತಿದ್ದರೆ ಕಣ್ಣು ರಸ್ತೆಯಲ್ಲಿದ್ದರೂ ಮನಸ್ಸು ಕುತ್ತಿಗೆಯಲ್ಲಿರುತ್ತದೆ. ತಿರುವಿನಲ್ಲಿ ಛತ್ರಿ ಹಿಡಿದು ಶಾಲೆಗೆ ಹೊರಟ ಮಗುವಿಗೆ, ರಸ್ತೆ ದಾಟುವ ಕಪ್ಪೆಗೆ ನನ್ನ ತಪಸ್ಸಿನಿಂದ ಏನು ಬಂತು? ಕಾಲ್ನಡಿಗೆಯವನಿಗೆ ಚಳಿ ತಡೆಯುವುದು ಕರ್ಮ ಕಳಚುವ ನಿರ್ಜರೆಯಾಗಬಹುದು. ಯಂತ್ರ ಓಡಿಸುವವನಿಗೆ ಅದೇ ಚಳಿ ಪ್ರಮಾದದ ಬಾಗಿಲು. ಮೈ ಬೆಚ್ಚಗಿಟ್ಟುಕೊಳ್ಳುವುದು ನನ್ನ ಪಾಲಿನ ಸಮಿತಿ ಎಂದು ನಾನು ತಿಳಿದಿದ್ದೇನೆ.

ಹಾಗೆ ತಿಳಿದ ಮೇಲೆ ಪದರಗಳ ಆಯ್ಕೆಯಲ್ಲಿ ಉದಾಸೀನ ಸಲ್ಲದು. ಮೈಗೆ ತಾಗಿ ಹತ್ತಿ ಬನಿಯನ್ ಬೇಡ. ಅದು ಬೆವರು ಹೀರಿ ಹಿಡಿದಿಟ್ಟುಕೊಂಡು ಘಾಟಿ ಏರುತ್ತಿದ್ದಂತೆ ಐಸಿನಂತಾಗುತ್ತದೆ. ಬೇಗ ಒಣಗುವ, ಮೈಗಂಟುವ ಪಾಲಿಯೆಸ್ಟರ್ ಅಂಗಿ ಒಳ್ಳೆಯದು. ಅದರ ಮೇಲೆ ಗಾಳಿಯಾಡುವ ಮೆಶ್ ಜಾಕೆಟ್ಟು. ಕಾರ್ಕಳದ ಸೆಕೆಗೆ ಅಷ್ಟೇ ಸಾಕು. ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿ, ಮಳೆ ಬರಲಿ ಬಿಡಲಿ, ಮೈ ಒಣಗಿರುವಾಗಲೇ ತೆಳ್ಳನೆಯ ಥರ್ಮಲ್ ಒಳಗೆ, ರೇನ್‌ಕೋಟು ಹೊರಗೆ ಹಾಕಿಕೊಳ್ಳುತ್ತೇನೆ. ಜಾಕೆಟ್ಟಿನ ಒಳಗೇ ಕೂರುವ ಮಳೆಪದರ ಮಲೆನಾಡಿಗೆ ಹೇಳಿಸಿದ್ದಲ್ಲ: ಮೈಗೆ ನೀರು ತಾಗದಿದ್ದರೂ ಹೊರಗಿನ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಗಾಳಿಗೆ ಆ ನೀರು ಆರುತ್ತ ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಥರ್ಮಲ್ ದಪ್ಪವಿರಲೂ ಬಾರದು. ಅದಕ್ಕಾಗಿ ದೊಡ್ಡ ಅಳತೆಯ ಜಾಕೆಟ್ ಕೊಂಡರೆ ಬಿದ್ದಾಗ ಮೊಣಕೈಯ ಪ್ಯಾಡು ಪಕ್ಕಕ್ಕೆ ಸರಿದು, ಮೂಳೆ ನೆಲಕ್ಕೆ ಬಡಿಯುತ್ತದೆ. ಪ್ಯಾಡಿನ ಮೇಲೆ ಅಚ್ಚೊತ್ತಿರುವ ಇಎನ್ 1621 ಎಂಬ ಗುರುತನ್ನು ಓದಿ ಕೊಳ್ಳಬೇಕು. ಕೈಕಾಲಿನ ಪ್ಯಾಡಿಗೆ 50 ಜೂಲ್ ಹೊಡೆತ ಬಿದ್ದಾಗ ಒಂದನೇ ದರ್ಜೆಯದು ಸರಾಸರಿ 35 ಕಿಲೋನ್ಯೂಟನ್ ಬಲವನ್ನು ಆಚೆ ಬಿಡಬಹುದು, ಎರಡನೇ ದರ್ಜೆಯದು 20ಕ್ಕಿಂತ ಹೆಚ್ಚು ಬಿಡುವಂತಿಲ್ಲ. ಬೆನ್ನಿಗಾದರೆ ಆ ಮಿತಿ 18 ಮತ್ತು 9.

ಇನ್ನು ಚರ್ಮ. ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗುವಾಗ ದಪ್ಪ ಹಸುವಿನ ಚರ್ಮದಷ್ಟು ತಾಳುವ ವಸ್ತು ಬಹುಕಾಲ ಇರಲಿಲ್ಲ. ರೇಸಿನವರು ಇಂದಿಗೂ ಚರ್ಮವನ್ನೇ ತೊಡುತ್ತಾರೆ. ಈ ಸತ್ಯವನ್ನು ಮರೆಮಾಚಿ ಅಹಿಂಸೆ ಮಾತಾಡಬಾರದು. ಕರಾವಳಿಯ ಮಳೆಗಾಲದಲ್ಲಿ ಚರ್ಮ ಒಣಗದೆ ಬೂಷ್ಟು ಹಿಡಿಯುತ್ತದೆ ಎಂಬುದು ನಿಜವಾದರೂ ಅದು ನನಗೆ ಅನುಕೂಲವಾದ ಕಾರಣ, ಮುಖ್ಯ ಕಾರಣವಲ್ಲ. ಶ್ರಾವಕನಿಗೆ, ಎಂದರೆ ಗೃಹಸ್ಥನಿಗೆ, ಅಡುಗೆಮನೆಯ ಆರಂಭೀ ಹಿಂಸೆ, ದುಡಿಮೆಯ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯ ವಿರೋಧೀ ಹಿಂಸೆ ಪೂರ್ತಿ ತಪ್ಪದು ಎಂದು ಶಾಸ್ತ್ರ ಒಪ್ಪುತ್ತದೆ. ತಿಳಿದೂ ತಿಳಿದೂ ಮಾಡುವ ಸಂಕಲ್ಪೀ ಹಿಂಸೆಗೆ ಮಾತ್ರ ರಿಯಾಯಿತಿಯಿಲ್ಲ. ಹಸು ಮಾಂಸಕ್ಕಾಗಿ ಹೇಗೂ ಸತ್ತಿರುತ್ತದೆ, ಚರ್ಮ ಕೊಂಡವನ ಪಾತ್ರವೇನು ಎನ್ನುವವರಿದ್ದಾರೆ. ಆದರೆ ಚರ್ಮಕ್ಕೂ ಬೆಲೆಯಿದೆ, ಆ ಬೆಲೆ ಕಸಾಯಿಖಾನೆಯ ಲೆಕ್ಕಕ್ಕೇ ಸೇರುತ್ತದೆ. ಮಾಡುವುದು, ಮಾಡಿಸುವುದು, ಮೆಚ್ಚಿ ಒಪ್ಪುವುದು ಮೂರಕ್ಕೂ ಕರ್ಮಬಂಧವಿದೆ ಎಂದ ಧರ್ಮದಲ್ಲಿ ದುಡ್ಡು ಎಣಿಸಿ ಕೊಟ್ಟವನು ಹೊರಗುಳಿಯಲಾರ.

ಈಗ ದಾರಿಯೂ ಇದೆ. ಯುರೋಪಿನ ಇಎನ್ 17092 ಎಂಬ ಮಾನಕ ಬಟ್ಟೆಯನ್ನು ಅಳೆಯುವುದು ಉಜ್ಜಾಟ, ಹರಿಯುವಿಕೆ ತಾಳುವ ಶಕ್ತಿ ಮತ್ತು ಹೊಲಿಗೆಯ ಬಲದಿಂದ. ಎಎಎ, ಎಎ, ಎ ಮೊದಲಾದ ದರ್ಜೆ ಕೊಡುತ್ತದೆ. ನೈಲಾನ್ ಕಾರ್ಡುರಾ ಹಾಕಿದ ಎಎ ದರ್ಜೆಯ ಜಾಕೆಟ್ಟು ನನ್ನ ವೇಗಕ್ಕೆ ಸಾಕು. ಅದು ಪೆಟ್ರೋಲಿಯಮ್ಮಿನಿಂದ ಬಂದದ್ದು, ಅದರ ಎಳೆ ಕೊನೆಗೆ ಸಮುದ್ರದ ಜೀವಗಳನ್ನು ಮುಟ್ಟುತ್ತದೆ ಎಂಬುದೂ ಗೊತ್ತಿದೆ. ಹಾಗಾಗಿ ಒಂದೇ ಜಾಕೆಟ್ಟನ್ನು ಹೊಲಿಸಿ, ಜಿಪ್ಪು ಬದಲಿಸಿ ಬಾಳಿಸುತ್ತೇನೆ.

ಕಠಿಣವಾದದ್ದು ಬೇರೆ ಸಂದರ್ಭ. ಸವಾರಿ ಬಿಟ್ಟ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಚರ್ಮದ ಜಾಕೆಟ್ಟನ್ನು ಪ್ರೀತಿಯಿಂದ ಕೊಡಲು ಬಂದರು. ಹೊಸದಾಗಿ ಯಾವ ಪ್ರಾಣಿಯೂ ಸಾಯುವುದಿಲ್ಲ, ದುಡ್ಡೂ ಕೊಡುವುದಿಲ್ಲ. ಬಿಸಾಡುವುದಕ್ಕಿಂತ ಮೇಲು ಎಂದು ಅವರ ವಾದ. ತರ್ಕದಲ್ಲಿ ತಪ್ಪು ಕಾಣಲಿಲ್ಲ. ಆದರೂ ಬೇಡವೆಂದೆ. ಬ್ಯಾಂಕಿನ ಹುಡುಗರು ನಾನು ಏನು ತೊಟ್ಟರೂ "ಸಾರ್, ಎಲ್ಲಿ ತಗೊಂಡ್ರಿ?" ಎಂದು ಕೇಳಿ ಅದನ್ನೇ ಕೊಳ್ಳುತ್ತಾರೆ. ಹಳೆಯ ಚರ್ಮ ನನ್ನ ಮೈಮೇಲೆ ಕಂಡು ಅವರು ಹೊಸದಕ್ಕೆ ಹೋದರೆ ಅನುಮೋದನೆ ನನ್ನದೇ. ನನ್ನ ಈ ಮಾತಿಗೆ ಆ ಹಿರಿಯರು ಒಪ್ಪಲಿಲ್ಲ, ಬೇಸರವನ್ನೂ ಪಟ್ಟುಕೊಳ್ಳಲಿಲ್ಲ.

ಗ್ಲೌಸಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅಂಗೈಗೆ ಮೇಕೆಯ ಚರ್ಮ ಇಲ್ಲದವು ಸಿಗುವುದೇ ಕಷ್ಟ. ಹುಡುಕಿ ತಂದ ಮೈಕ್ರೋಫೈಬರಿನ ಜೋಡಿ ಒಣಹವೆಯಲ್ಲಿ ಚೆನ್ನಾಗಿದೆ, ನೆನೆದರೆ ಹಿಡಿ ಸ್ವಲ್ಪ ಜಾರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅರ್ಧ ಗಂಟೆ ಮೊದಲೇ ಮನೆ ಬಿಟ್ಟು, ಘಾಟಿಯನ್ನು ಎರಡನೇ ಗೇರಿನಲ್ಲೇ ಹತ್ತುತ್ತೇನೆ. ಹೆಬ್ಬಾಗಿಲಿನವರೆಗೆ ಬಂದು ಅಮ್ಮ ರೇನ್‌ಕೋಟಿನ ಕತ್ತಿನ ಪಟ್ಟಿ ಎಳೆದು ಬಿಗಿ ಮಾಡಿಯೇ ಕಳಿಸುತ್ತಾರೆ.