ಸಣ್ಣ ಕೆಲಸಗಳ ಸಂತ



ಮಾರ್ಚ್ 1 ವೇಲ್ಸ್ ನಾಡಿನ ಪಾಲಕ ಸಂತ ಡೇವಿಡರ ಹಬ್ಬ. ಇವರು 6ನೇ ಶತಮಾನದ ಧರ್ಮಾಧ್ಯಕ್ಷರು. ಇವರ ಮಠದ ಹೊಲಕ್ಕೆ ಎತ್ತುಗಳಿರಲಿಲ್ಲ. ಸನ್ಯಾಸಿಗಳೇ ನೇಗಿಲಿಗೆ ಹೆಗಲು ಕೊಡುತ್ತಿದ್ದರು, ರೊಟ್ಟಿ ಸೊಪ್ಪು ತಿಂದು ನೀರು ಕುಡಿಯುತ್ತಿದ್ದರು ಎನ್ನುತ್ತದೆ ಅವರ ಚರಿತ್ರೆ. ತಾವು ಮಾಡಿದ ಸಣ್ಣ ಸಣ್ಣ ಕೆಲಸಗಳನ್ನೇ ಮುಂದುವರಿಸಬೇಕೆಂದು ಅವರು ಕೊನೆಯ ಬೋಧನೆಯಲ್ಲಿ ಜನರನ್ನು ಕೇಳಿಕೊಂಡರಂತೆ.

ಆ ನಾಡಿನ ವೆಲ್ಷ್ ಭಾಷೆಯೂ ಸಣ್ಣದೇ. 19ನೇ ಶತಮಾನದಲ್ಲಿ ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಶಿಕ್ಷೆಯಾಗಿ ಮರದ ತುಂಡು ಕಟ್ಟುತ್ತಿದ್ದರು. ಆದರೂ ಮನೆಯಲ್ಲಿ, ಪ್ರಾರ್ಥನೆಯಲ್ಲಿ ಜನ ಅದನ್ನು ಬಿಡಲಿಲ್ಲ. 2021ರ ಜನಗಣತಿಯಲ್ಲಿ ವೇಲ್ಸ್‌ನ 5 ಲಕ್ಷಕ್ಕೂ ಹೆಚ್ಚು ಮಂದಿ ತಮಗೆ ವೆಲ್ಷ್ ಬರುತ್ತದೆ ಎಂದರು.

ನಮ್ಮ ಕೊರಳಿಗೆ ಯಾರೂ ಏನನ್ನೂ ಕಟ್ಟಿಲ್ಲ. ಆದರೂ ಕಳೆದ ಕನ್ನಡ ಪೂಜೆಯಲ್ಲಿ ಮೊದಲನೇ ವಾಚನಕ್ಕೆ ಯುವಜನರನ್ನು ಕರೆದಾಗ ಯಾರೂ ಏಳಲಿಲ್ಲ. ಬಿ.ಎಸ್ಸಿ. ಮುಗಿಸಿದ ನಾನೂ ತಡವರಿಸುತ್ತೇನೆಂಬ ನಾಚಿಕೆಯಿಂದ ತಲೆ ತಗ್ಗಿಸಿ ಕೂತೆ. ಕೊನೆಗೆ ಎದ್ದವರು ಕನ್ನಡಕ ಮರೆತು ಬಂದಿದ್ದ ಒಬ್ಬ ಅಜ್ಜಿ. ಪುಸ್ತಕವನ್ನು ದೂರ ಹಿಡಿದು, ಒಂದೊಂದೇ ಪದ ಓದಿ ಮುಗಿಸಿದರು.

ಅಲ್ಪದರಲ್ಲಿ ಪ್ರಾಮಾಣಿಕರಾಗಿರಬೇಕೆಂದು ಪ್ರಭು ಯೇಸು ಕಲಿಸಿದರು (ಲೂಕ 16:10). ಈ ತಪಸ್ಸುಕಾಲದಲ್ಲಿ ಒಂದು ಸಣ್ಣ ಕೆಲಸ ಮಾಡೋಣ: ಶನಿವಾರ ರಾತ್ರಿ ಮರುದಿನದ ವಾಚನವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದೋಣ. ತಪ್ಪಿದರೆ ಅಮ್ಮ ತಿದ್ದುತ್ತಾರೆ.

ಮುಂದಿನ ಪೂಜೆಯ ಮೊದಲನೇ ವಾಚನಕ್ಕೆ ನನ್ನ ಹೆಸರು ಕೊಟ್ಟಿದ್ದೇನೆ. ಎರಡನೆಯದಕ್ಕೆ ನಿಮ್ಮಲ್ಲೊಬ್ಬರು ಬನ್ನಿ.