ಆಯಾಸಪಡುವದು ಸತ್ಕ್ರಿಯೆಯೋ?



ಇಂಗ್ಲೆಂಡು ದೇಶದಲ್ಲಿ ಒಂದು ವಾಡಿಕೆಯುಂಟು. ಲಂಡನ್ ಪಟ್ಟಣದಲ್ಲಿ 1981ನೆಯ ಇಸವಿಯಿಂದ ಮ್ಯಾರಥಾನ್ ಎಂಬ ದೀರ್ಘವಾದ ಓಟವು ನಡೆಯುತ್ತಾ ಬಂದಿದೆ. ಅದರ ದೂರವು 42 ಕಿಲೋಮೀಟರಿಗಿಂತ ತುಸು ಹೆಚ್ಚು. ಓಡುವವರಲ್ಲಿ ಅನೇಕರು ಬಹುಮಾನಕ್ಕಾಗಿ ಓಡುವದಿಲ್ಲ. "ನಾನು ಇಷ್ಟು ದೂರ ಓಡುವೆನು, ನೀವು ಹಾಸ್ಪೀಸಿಗೆ ನಿಮ್ಮಿಂದಾದಷ್ಟು ಹಣ ಕೊಡಿರಿ" ಎಂದು ನೆಂಟರಿಷ್ಟರನ್ನು ಕೇಳಿಕೊಂಡು ಓಡುತ್ತಾರೆ. ಹಾಸ್ಪೀಸ್ ಅಂದರೆ ವಾಸಿಯಾಗದ ರೋಗದಿಂದ ಕಡೇ ದಿನಗಳನ್ನು ಕಳೆಯುವವರ ನೋವನ್ನು ಶಮನಮಾಡಿ, ಅವರನ್ನೂ ಅವರ ಮನೆಯವರನ್ನೂ ಆದರಿಸುವ ಸ್ಥಳ. ಆ ದೇಶದಲ್ಲಿ ಇಂಥ ಗೃಹಗಳ ವೆಚ್ಚಕ್ಕೆ ಸರಕಾರವು ಒಂದು ಪಾಲನ್ನು ಮಾತ್ರ ಕೊಡುವದರಿಂದ ಉಳಿದದ್ದು ಜನರ ಧರ್ಮದಿಂದಲೇ ಬರತಕ್ಕದ್ದು.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಕೊಡುವವನಲ್ಲಿ ಹಣವಿದೆ, ರೋಗಿಗೆ ಕೊರತೆಯಿದೆ. ಹೀಗಿರಲಾಗಿ ಮಧ್ಯದಲ್ಲಿ ಒಬ್ಬನು ಕಾಲು ಬೊಕ್ಕೆಯೇಳುವ ತನಕ ಯಾಕೆ ಓಡಬೇಕು? ನಮ್ಮ ಹಿರಿಯರಲ್ಲಿ ಅನೇಕರು ಹರಕೆ ಹೊತ್ತು, ಉಪವಾಸವಿದ್ದು, ದೂರದ ಗುಡಿಗಳಿಗೆ ಬರಿಗಾಲಿನಲ್ಲಿ ನಡೆದವರು. ದೇಹವನ್ನು ದಂಡಿಸಿ ಪುಣ್ಯವನ್ನು ಗಳಿಸಲಾಗದೆಂದು ಸುವಾರ್ತೆಯಿಂದ ಕಲಿತ ನಾವು ಈ ಓಟವನ್ನು ಮೆಚ್ಚಬಹುದೋ? ಇದಲ್ಲದೆ, ಧರ್ಮ ಕೊಡುವಾಗ ತುತೂರಿ ಊದಿಸಬಾರದೆಂದು ಕರ್ತನು ಬೆಟ್ಟದ ಮೇಲೆ ಬೋಧಿಸಲಿಲ್ಲವೋ?

ಈ ಆಕ್ಷೇಪವನ್ನು ಹಗುರವೆಂದು ತಳ್ಳಿಬಿಡಲಾಗದು. ಓಡುವವನ ನೋವು ರೋಗಿಯ ನೋವನ್ನು ಎಳ್ಳಷ್ಟೂ ಕಡಿಮೆಮಾಡದು. ತನ್ನ ಬೆವರಿನಿಂದ ದೇವರ ಕೃಪೆಯನ್ನು ಕೊಂಡುಕೊಂಡೆನೆಂದು ಅವನು ನೆನಸಿದರೆ ಓಟವು ವ್ಯರ್ಥ. ಜನರ ಹೊಗಳಿಕೆಗಾಗಿ ಓಡಿದರೆ ಆ ಹೊಗಳಿಕೆಯೇ ಅವನ ಕೂಲಿ.

ಆದರೂ ಹರಕೆಗೂ ಇದಕ್ಕೂ ಒಂದು ಭೇದವುಂಟು. ಹರಕೆಯವನು ತನಗೋ ತನ್ನವರಿಗೋ ಏನನ್ನಾದರೂ ಪಡೆಯುವದಕ್ಕೆ ಕಷ್ಟಪಡುತ್ತಾನೆ. ಇವನು ಪರರಿಗೋಸ್ಕರ ನೆರೆಯವರ ಮನಸ್ಸನ್ನು ಎಬ್ಬಿಸುವದಕ್ಕೆ ಕಷ್ಟಪಡುತ್ತಾನೆ. ಯಾಕಂದರೆ ಮರಣದ ಮಾತನ್ನು ಕೇಳಲು ಯಾರಿಗೂ ಇಷ್ಟವಿಲ್ಲ. ಕೈಯಲ್ಲಿ ಹಣವಿದ್ದರೂ ಕಣ್ಣು ಆ ಕಡೆಗೆ ಹೊರಳದು. ತಮ್ಮವನೊಬ್ಬನು ಆಯಾಸಪಡುವದನ್ನು ಕಂಡಾಗ ಹೊರಳುತ್ತದೆ. ಓಡುವವನಿಗೂ ಇದರಲ್ಲಿ ಒಂದು ಪಾಠವುಂಟು. ಅದೇನಂದರೆ, ತಾನು ಬೇಕೆಂದಾಗ ನಿಲ್ಲಬಹುದು; ಹಾಸಿಗೆ ಹಿಡಿದವನು ನಿಲ್ಲಲಾರನು.

ಈಗಿನ ಹಾಸ್ಪೀಸುಗಳ ಹುಟ್ಟೇ ಇದಕ್ಕಿಂತ ದೀರ್ಘವಾದ ಓಟದ ಕಥೆ. ಲಂಡನಿನಲ್ಲಿ ಮೊದಲು ದಾದಿಯಾಗಿದ್ದ ಸಿಸಿಲಿ ಸಾಂಡರ್ಸ್ ಎಂಬ ಕ್ರಿಸ್ತಭಕ್ತಳು, ಪೋಲೆಂಡಿನ ಯೆಹೂದ್ಯನಾದ ಡೇವಿಡ್ ಟಾಸ್ಮಾ ಎಂಬ ರೋಗಿಯನ್ನು ಅವನ ಕಡೇ ದಿನಗಳಲ್ಲಿ ಸಂಧಿಸುತ್ತಿದ್ದಳು. 1948ರಲ್ಲಿ ಕ್ಯಾನ್ಸರಿನಿಂದ ತೀರಿಹೋದ ಅವನು ಆಕೆಗೆ 500 ಪೌಂಡುಗಳನ್ನು ಬಿಟ್ಟು, ಆಕೆ ಮುಂದೆ ಕಟ್ಟುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರುವೆನೆಂದು ಹೇಳಿದ್ದನು. ಆಕೆ ವೈದ್ಯಶಾಸ್ತ್ರವನ್ನು ಕಲಿತು, ನೋವು ಮರುಕಳಿಸುವದಕ್ಕೆ ಮುಂಚೆಯೇ ಹೊತ್ತುಹೊತ್ತಿಗೆ ಔಷಧ ಕೊಡತಕ್ಕದ್ದೆಂದು ತೋರಿಸಿ, 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಗೃಹವನ್ನು ತೆರೆದಳು. ಕಿಟಕಿಗೆ ಮನೆಯು ದೊರೆಯಲು 19 ವರುಷ ಹಿಡಿಯಿತು. ಆ ಓಟವನ್ನು ನೋಡಲು ಬೀದಿಯಲ್ಲಿ ಜನರು ಕೂಡಿರಲಿಲ್ಲ.

ಆದದರಿಂದ ನಾವು ತೀರ್ಮಾನಿಸುವದೇನಂದರೆ: ಸಮಾರ್ಯದವನು ಗಾಯಪಟ್ಟವನನ್ನು ತನ್ನ ವಾಹನದ ಮೇಲೆ ಹತ್ತಿಸಿ ಛತ್ರಕ್ಕೆ ಕರತಂದು ಆರೈಕೆಮಾಡಿದನು, ಮರುದಿನ ಛತ್ರದವನಿಗೆ ಹಣ ಕೊಟ್ಟನು, ತಿರಿಗಿ ಬರುವೆನೆಂದು ಮಾತೂ ಕೊಟ್ಟನು. ಆಯಾಸ, ಹಣ, ತಿರಿಗಿ ಬರುವ ಮಾತು, ಈ ಮೂರೂ ಕೂಡಿದಲ್ಲಿ ಓಟವು ಸತ್ಕ್ರಿಯೆಯಾಗುತ್ತದೆ. ಓಡಿದವನು ಮರುದಿನವೂ ರೋಗಿಯನ್ನು ನೆನಸುವನೋ ಎಂಬದೇ ಅದರ ಪರೀಕ್ಷೆ.

ನಮ್ಮ ಸೀಮೆಯಲ್ಲಿಯೂ ಬೆಂಗಳೂರಿನ ಕರುಣಾಶ್ರಯವು 1999ರಿಂದ ಕ್ಯಾನ್ಸರಿನ ಕಡೇ ಹಂತದವರನ್ನು ಹಣ ತೆಗೆದುಕೊಳ್ಳದೆ ಆರೈಕೆಮಾಡುತ್ತಾ ಬಂದಿದೆ. ಅಂಥ ಗೃಹವು ನಮ್ಮ ಹಳ್ಳಿಗಳಿಗೆ ದೂರ. ಆದರೆ ನೆರೆಮನೆಯ ಜಗಲಿಯ ಮೇಲೆ ಮಲಗಿ ರಾತ್ರಿಯೆಲ್ಲಾ ನರಳುವವರು ದೂರದವರೋ? ಗೆತ್ಸೇಮನೆಯ ರಾತ್ರಿಯಲ್ಲಿ ಕರ್ತನು ಶಿಷ್ಯರಿಂದ ಕೇಳಿಕೊಂಡದ್ದು ಸ್ವಲ್ಪ ಹೊತ್ತಿನ ಎಚ್ಚರವನ್ನೇ. ಅದೂ ಅವರಿಂದಾಗದೆ ನಿದ್ರೆಹೋದರು. ಸಹೋದರರೇ, ಸಹೋದರಿಯರೇ, ಸಭೆಯ ನಾಲ್ಕು ಮನೆಯವರು ಸರದಿಯಂತೆ ಒಂದೊಂದು ರಾತ್ರಿ ರೋಗಿಯ ಬಳಿಯಲ್ಲಿ ಕೂತರೆ, ಅವನ ಹೆಂಡತಿಯು ಒಂದಿಷ್ಟು ಕಣ್ಣುಮುಚ್ಚುವಳು. ಅಷ್ಟು ಹೊತ್ತು ಎಚ್ಚರವಾಗಿರುವ ಬಲವನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.