ಏಳು ಜನರ ಸಾಕ್ಷ್ಯ

ವಿದ್ವಾಂಸನಾದವನು ತಾನು ಕಂಡುದನ್ನು ಯಾವಾಗ ಪ್ರಕಟಿಸಬೇಕು? ಸಂದೇಹವೆಲ್ಲ ಕಳೆದ ಮೇಲೆ ಎಂಬುದು ನಮಗೆ ಗುರುಗಳು ಕಲಿಸಿದ ಉತ್ತರ. ಶಾಸನವೊಂದರ ಕಾಲನಿರ್ಣಯಕ್ಕೆ ಈ ಉತ್ತರ ಸಾಕು. ಅದು ಹತ್ತು ವರ್ಷ ತಡವಾದರೂ ಯಾರ ಮನೆಯ ದೀಪವೂ ಆರುವುದಿಲ್ಲ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಈ ನಿಶ್ಚಿಂತೆಯುಂಟು. ಎಲ್ಲ ಶಾಸ್ತ್ರಗಳಿಗೂ ಅದು ಇಲ್ಲ.

1935ರ ಮೇ ತಿಂಗಳಲ್ಲಿ, ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್, ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದನು. ತಲೆಗೆ ಪೆಟ್ಟಾಗಿ, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡನು. ಆಗ ಅವನನ್ನು ನೋಡಿದ ವೈದ್ಯರಲ್ಲಿ ಮಿದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬನು. 1941ರಲ್ಲಿ ಆತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮೋಟಾರ್ ಸೈಕಲ್ ಸವಾರರ ತಲೆಯ ಗಾಯಗಳನ್ನು ಕುರಿತು ಒಂದು ಲೇಖನ ಬರೆದನು. ಶಿರಸ್ತ್ರಾಣ ಧರಿಸಿದ್ದು ಗಾಯಗೊಂಡವರಲ್ಲಿ ಆತ ಕಂಡಿದ್ದವರು ಏಳೇ ಮಂದಿ. ಏಳು ಮಂದಿಯೂ ಬದುಕಿದ್ದರು.

ಏಳು ಒಂದು ಸಂಖ್ಯೆಯೆ? ನೂರಾಗಲೆಂದು ಆತ ಕಾಯಬಹುದಾಗಿತ್ತು. ಆದರೆ ಆತ ಕಾಯುತ್ತಿದ್ದಷ್ಟು ದಿನವೂ ಸವಾರರು ಬರಿದಲೆಯಲ್ಲೇ ಬೀಳುತ್ತಿದ್ದರು. ಏಳನ್ನೇ ನೂರೆಂಬಂತೆ ಬಣ್ಣಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಕೇರ್ನ್ಸ್ ಏಳನ್ನು ಏಳೆಂದೇ ಹೇಳಿದನು. ಹೇಳಿ ಸುಮ್ಮನಾಗದೆ ಎಣಿಸುತ್ತ ಹೋದನು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ಆ ಬಳಿಕ ಸವಾರರ ಸಾವುಗಳು ಇಳಿದುದನ್ನು 1946ರ ಲೇಖನದಲ್ಲಿ ಆತ ತೋರಿಸಿದನು. ಅವಸರಕ್ಕೂ ಮೌನಕ್ಕೂ ನಡುವೆ ಸತ್ಯವಂತನಿಗೆ ಒಂದು ದಾರಿಯಿದೆ: ತಿಳಿದಷ್ಟನ್ನು, ತಿಳಿದ ಅಳತೆಯಲ್ಲೇ, ಹೊತ್ತು ಮೀರುವ ಮುನ್ನ ಹೇಳುವುದು.

ಹೇಳಿದ ಮಾತ್ರಕ್ಕೆ ಲೋಕ ಕೇಳುವುದೆಂದಲ್ಲ. ಬ್ರಿಟನ್ನಿನಲ್ಲಿ ಎಲ್ಲ ಸವಾರರಿಗೂ ಈ ಕಾನೂನು ಬಂದುದು 1973ರಲ್ಲಿ. ಕೇರ್ನ್ಸ್ 1952ರಲ್ಲೇ ತೀರಿಹೋಗಿದ್ದನು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯೇ ಇದನ್ನು ವಿಧಿಸಿದೆ. ಆದರೂ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಹೆಲ್ಮೆಟ್ ಇದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ಯಾರೂ ಹೇಳಲಾರರು. ಅನೇಕರು ಉಳಿಯುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಅಧ್ಯಾಪಕರಾದ ನಾವು ಇಂದು ಬಡ್ತಿಗಾಗಿ ಲೇಖನಗಳನ್ನು ಎಣಿಸುತ್ತೇವೆ. ಎಷ್ಟು ಬರೆದೆ ಎಂದು ಕೇಳುವವರುಂಟು; ಬರೆದುದರಿಂದ ಯಾರಿಗೇನಾಯಿತು ಎಂದು ಕೇಳುವವರಿಲ್ಲ. ಇದನ್ನು ದೂರುವ ಮೊದಲು ನನ್ನ ಕಡೆಗೂ ನೋಡಿಕೊಳ್ಳಬೇಕು. ಬರೆದವನ ಹೊಣೆ ಮುಗಿದಲ್ಲಿ ಓದಿದವನ ಹೊಣೆ ತೊಡಗುತ್ತದೆ. ಕೇರ್ನ್ಸನ ಕಥೆಯನ್ನು ತರಗತಿಯಲ್ಲಿ ಹೇಳಿದ ಸಂಜೆಯೇ, ‘ಇಲ್ಲೇ ತಾನೆ’ ಎಂದುಕೊಂಡು, ಹಾಲಿನ ಅಂಗಡಿಗೆ ನಾನು ಸ್ಕೂಟರಿನಲ್ಲಿ ಬರಿದಲೆಯಲ್ಲೇ ಹೋಗಿಬಂದೆ. ಲಾರೆನ್ಸ್ ಬಿದ್ದದ್ದೂ ಮನೆಯ ಹತ್ತಿರವೇ.